ಪೂರ್ವದ ಬೆಂಚುಗಳಿಗೆ ಹೇಳಿಕೆ

ಕ್ಯಾಮೆರಾ ಇದ್ದದ್ದು ಪಶ್ಚಿಮದ ಸ್ಟ್ಯಾಂಡಿನ ಮಾಡಿನ ಕೆಳಗೆ. ಹಾಗಾಗಿ ಅದಕ್ಕೆ ಕಾಣುತ್ತಿದ್ದದ್ದು ಎದುರಿನ ಪೂರ್ವದ ಬೆಂಚುಗಳು ಮಾತ್ರ. ನೆರಳು ಇದ್ದದ್ದು ಪಶ್ಚಿಮದಲ್ಲಿ. ಬಂದ ಜನರೆಲ್ಲ ನೆರಳು ಹುಡುಕಿಕೊಂಡು ಕ್ಯಾಮೆರಾದ ಕೆಳಗೇ ಕೂರುತ್ತಿದ್ದರು. ಮನೆಯಲ್ಲಿ ಕೂತು ಪಂದ್ಯ ನೋಡುವವರಿಗೆ ಆಟಗಾರರ ಹಿಂದೆ ಉದ್ದಕ್ಕೂ ಖಾಲಿ ಅಲ್ಯೂಮಿನಿಯಂ ಬೆಂಚುಗಳು ಬಿಸಿಲಿಗೆ ಹೊಳೆಯುವುದಷ್ಟೇ ಕಾಣುತ್ತಿತ್ತು.

ಟೊರೊಂಟೊದ ಒಂದು ಹಳೆಯ ಮುನಿಸಿಪಲ್ ಮೈದಾನದಲ್ಲಿ, ಒಂದು ಸಣ್ಣ ರಗ್ಬಿ ಲೀಗ್ ಕ್ಲಬ್ಬಿಗೆ, ಪಂದ್ಯದ ದಿನದ ಗೇಟು ಮತ್ತು ಆಸನದ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಯಾವ ಗೇಟು ಮೊದಲು ತೆರೆಯಬೇಕು, ಯಾವ ಭಾಗಕ್ಕೆ ಹಗ್ಗ ಕಟ್ಟಿ ಮುಚ್ಚಬೇಕು, ಟಿಕೆಟ್ ಸ್ಕ್ಯಾನ್ ಮಾಡುವವರು ಎಲ್ಲಿ ನಿಲ್ಲಬೇಕು, ಇಷ್ಟೇ ಕೆಲಸ. ಆಟದ ಬಗ್ಗೆ ಹೇಳುವುದಾದರೆ, ಹದಿಮೂರು ಜನರ ತಂಡ, ಚೆಂಡು ಹಿಡಿದು ಓಡುವುದು, ಎದುರಿನವರು ಹಿಡಿದು ಕೆಡವುವುದು. ಆರು ಸಲ ಕೆಡವಿದರೆ ಚೆಂಡು ಅವರ ಪಾಲು. ಇಂಗ್ಲೆಂಡಿನ ಉತ್ತರದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಮಕ್ಕಳಿಗೂ ಗೊತ್ತಿರುವ ಆಟ. ಇಲ್ಲಿ ಹಾಕಿಯ ಎದುರು ಅದನ್ನು ಕೇಳುವವರಿಲ್ಲ. ನಮ್ಮ ಆಟಗಾರರಿಗೆ ಸಂಬಳ ಇದೆ, ಆದರೂ ವಾರದ ದಿನಗಳಲ್ಲಿ ಒಬ್ಬ ಮನೆಗಳಿಗೆ ಪೈಪು ಜೋಡಿಸುತ್ತಾನೆ, ಇನ್ನೊಬ್ಬ ಶಾಲೆಯಲ್ಲಿ ಪಾಠ ಹೇಳುತ್ತಾನೆ.

ನನ್ನ ಹೆಂಡತಿ ತೀರಿಕೊಂಡದ್ದು ಹಿಂದಿನ ವರ್ಷದ ಬೇಸಿಗೆಯ ಕೊನೆಯಲ್ಲಿ. ಈಗ ಹೇಳುತ್ತಿರುವುದು ವರ್ಷ ತುಂಬಲು ಕೆಲವು ವಾರ ಉಳಿದಿದ್ದಾಗ ನಡೆದದ್ದು. ಆ ದಿನಗಳಲ್ಲಿ ನನಗೆ ಎಲ್ಲಿಯೂ ಕೂರಲು ಆಗುತ್ತಿರಲಿಲ್ಲ. ಮನೆಯಲ್ಲಿ ನಿಂತೇ ಊಟ ಮಾಡುತ್ತಿದ್ದೆ. ಟಿವಿಯನ್ನೂ ಸೋಫಾದ ಹಿಂದೆ ನಿಂತು ನೋಡುತ್ತಿದ್ದೆ. ಮಗಳು ಎರಡು ಸಲ ಹೇಳಿದಳು, ಆಮೇಲೆ ಹೇಳುವುದು ಬಿಟ್ಟಳು.

ಕ್ಲಬ್ಬಿನ ಮ್ಯಾನೇಜರ್ ಇಂಗ್ಲೆಂಡಿನ ಉತ್ತರದಿಂದ ಬಂದ ಹೆಂಗಸು. ಆಕೆಯ ಅಪ್ಪ, ಅಜ್ಜ ಇಬ್ಬರೂ ಇದೇ ಆಟ ಆಡಿದವರು. ಜುಲೈಯ ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಕರೆದು ವಿಷಯ ಹೇಳಿದರು. ಮುಂದಿನ ವರ್ಷದ ಪಂದ್ಯಗಳನ್ನು ಇದೇ ಮೈದಾನದಲ್ಲಿ ಇಡಬೇಕೋ ಬೇರೆ ಊರಿಗೆ ಒಯ್ಯಬೇಕೋ ಎಂದು ನೋಡಲು ಲೀಗಿನ ಕಡೆಯಿಂದ ಒಬ್ಬರು ಬರುತ್ತಾರೆ.

"ಅವರು ಬಂದು ನೋಡುವುದು ಒಂದೇ. ಪರದೆಯ ಮೇಲೆ ಜನ ಕಾಣುತ್ತಾರಾ ಇಲ್ಲವಾ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹೋದ ವರ್ಷದವರೆಗೆ ಪೂರ್ವದ ಕಡೆ ಜನ ಇರುತ್ತಿದ್ದರಲ್ಲ? ಬಣ್ಣ ಬಣ್ಣದ ಬಟ್ಟೆ ಹಾಕಿಕೊಂಡು ಏನೋ ಎಣಿಸುತ್ತಿದ್ದರಲ್ಲ? ಅವರೆಲ್ಲ ಎಲ್ಲಿ ಹೋದರು?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಸರಿಯಾಗಿ ಗೊತ್ತಿರಲಿಲ್ಲ. ಆ ಜನ ನನ್ನ ಹೆಂಡತಿಯ ಜೊತೆ ಬರುತ್ತಿದ್ದರು ಎಂಬುದಷ್ಟೇ ಗೊತ್ತಿತ್ತು. ಅವರಿಗೆ ಆಟ ಹಿಡಿಸಿದೆ, ಅದಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಈಗ ಬರುತ್ತಿಲ್ಲ ಎಂದರೆ ಬಸ್ಸಿನ ತೊಂದರೆಯೋ, ಪಾರ್ಕಿಂಗ್ ತೊಂದರೆಯೋ ಇರಬೇಕು.

ಅವಳು ಪೂರ್ವದಲ್ಲಿ ಕೂರಲು ಕಾರಣ ನಾನು. ಪೂರ್ವದ ಗೇಟಿನಲ್ಲಿ ನಾನು ನಿಲ್ಲುತ್ತಿದ್ದೆ. "ಇಲ್ಲಿ ಕೂತ್ರೆ ನೀವು ಕಾಣ್ತೀರಿ," ಎಂದು ಮೊದಲ ದಿನವೇ ಆ ಬಿಸಿಲಲ್ಲಿ ಕೂತಳು. ವೇಲಿನ ಮೇಲೆ ಕ್ಲಬ್ಬಿನ ಟೊಪ್ಪಿ. ಆಟದ ನಿಯಮ ಒಂದೂ ಗೊತ್ತಿರಲಿಲ್ಲ. "ಕಬಡ್ಡಿಗೆ ಒಂದು ಚೆಂಡು ಕೊಟ್ಟ ಹಾಗೆ ಉಂಟು. ಆರು ಸಲ ಹಿಡಿದ್ರೆ ಬಿಡ್ಬೇಕು. ಅಷ್ಟು ಗೊತ್ತಾದ್ರೆ ಸಾಕು," ಎಂದು ಪಕ್ಕದವರಿಗೂ ಹೇಳಿಕೊಟ್ಟಳು. ನಮ್ಮ ಮನೆಮಾತು ತುಳು. ಎದುರಿನ ತಂಡದ ಕೈಗೆ ಚೆಂಡು ಹೋದ ಕೂಡಲೇ ಅವಳೂ ಅವಳ ಜೊತೆಯವರೂ ತುಳುವಿನಲ್ಲಿ ಎಣಿಸುತ್ತಿದ್ದರು. ಒಂಜಿ, ರಡ್ಡ್, ಮೂಜಿ, ನಾಲ್, ಐನ್. ಆರನೆಯದಕ್ಕೆ ಎಲ್ಲರೂ ಎದ್ದು ನಿಂತು "ಆಜಿ!" ಎಂದು ಕಿರುಚುತ್ತಿದ್ದರು. ಬೆಂಗಳೂರು, ಮೈಸೂರಿನ ಕಡೆಯವರೂ ಕಲಿತುಕೊಂಡರು. ಬಾಯಿ ಹೊರಳದಿದ್ದರೂ ನಮ್ಮ ಆಟಗಾರರಲ್ಲಿ ಒಬ್ಬಿಬ್ಬರೂ ಕಲಿತರು.

ಈ ಮೈದಾನ ಹೋದರೆ ಆ ಬೆಂಚೂ ಹೋಗುತ್ತದೆ. ಸಭೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಅದನ್ನು ಯಾರಿಗೂ ಹೇಳಲಿಲ್ಲ. ಪೂರ್ವವನ್ನು ತುಂಬಿಸುವ ಕೆಲಸ ನನಗಿರಲಿ ಎಂದಷ್ಟೇ ಹೇಳಿದೆ.

ಮೊದಲು ಮಾಡಿದ್ದು ಹಗ್ಗ ಕಟ್ಟುವ ಕೆಲಸ. ಪಶ್ಚಿಮದ ಕೆಳಗಿನ ಸಾಲುಗಳನ್ನು ಮುಚ್ಚಿದರೆ ಜನ ತಾವಾಗಿ ಪೂರ್ವಕ್ಕೆ ಹೋಗುತ್ತಾರೆ ಎಂಬುದು ನನ್ನ ಅಂದಾಜು. ಜನ ಮೇಲಿನ ಸಾಲಿಗೆ ಹತ್ತಿದರು. ನಮ್ಮ ಹಳೆಯ ಅಭಿಮಾನಿ ಒಬ್ಬರು, ಇಂಗ್ಲೆಂಡಿನ ಅಜ್ಜ, ಹಗ್ಗದ ಕೆಳಗೆ ನುಸುಳಿ ತಮ್ಮ ಜಾಗದಲ್ಲೇ ಹೋಗಿ ಕೂತರು. ಎಬ್ಬಿಸಲು ಹೋದರೆ ತಮ್ಮ ತೋಳು ತೋರಿಸಿದರು. "ಈ ಚರ್ಮ ನೋಡು. ಆ ಬಿಸಿಲಿಗೆ ನನ್ನನ್ನು ಕಳಿಸಿದರೆ ಅರ್ಧ ಆಟಕ್ಕೆ ಬೆಂದು ಹೋಗುತ್ತೇನೆ. ನಿನ್ನ ಚರ್ಮದವರನ್ನು ಕಳಿಸು!" ಎಂದು ನಕ್ಕರು. ನಾನೂ ನಕ್ಕೆ. ಹಗ್ಗ ಬಿಚ್ಚಿದೆ.

ಎರಡನೆಯದು ಕ್ಯಾಮೆರಾ. ಜನ ಹೋಗದಿದ್ದರೆ ಕ್ಯಾಮೆರಾವನ್ನೇ ಪೂರ್ವಕ್ಕೆ ತಂದು ಪಶ್ಚಿಮದ ಜನರನ್ನು ತೋರಿಸಬಹುದಲ್ಲ ಎಂದು ಕ್ಯಾಮೆರಾದವರನ್ನು ಕೇಳಿದೆ. ಅಭ್ಯಾಸದ ದಿನ ಒಂದು ಸಣ್ಣ ಕ್ಯಾಮೆರಾ ತಂದು ಇಟ್ಟು ತೋರಿಸಿದರು. ಇಳಿಬಿಸಿಲು ನೇರವಾಗಿ ಲೆನ್ಸಿಗೆ ಹೊಡೆಯುತ್ತಿತ್ತು. ಆಟಗಾರರು ಕಪ್ಪು ಗೊಂಬೆಗಳ ಹಾಗೆ ಓಡಾಡಿದರು. ಚೆಂಡು ಕಾಣಲೇ ಇಲ್ಲ.

ಮೂರನೆಯದು ಟಾರ್ಪಾಲು. ಕ್ಲಬ್ಬಿನ ಬಣ್ಣದ ದೊಡ್ಡ ಟಾರ್ಪಾಲುಗಳನ್ನು ಬೆಂಚುಗಳ ಮೇಲೆ ಹೊದಿಸಿ ಕಟ್ಟಿದರೆ ಖಾಲಿತನ ಕಾಣುವುದಿಲ್ಲ. ದೊಡ್ಡ ಕ್ಲಬ್ಬುಗಳೂ ಹಾಗೆ ಮಾಡುತ್ತವೆ. ಕಟ್ಟುವಾಗ ಗಾಳಿ ಇರಲಿಲ್ಲ. ಪಂದ್ಯ ಶುರುವಾದ ಮೇಲೆ ಸರೋವರದ ಕಡೆಯಿಂದ ಬೀಸಿತು. ಒಂದು ಮೂಲೆ ಕಿತ್ತುಕೊಂಡು ಟಾರ್ಪಾಲು ಹಾಯಿಯ ಹಾಗೆ ಎದ್ದು ಮೈದಾನದ ಒಳಗೇ ಬಂತು. ರೆಫರಿ ಆಟ ನಿಲ್ಲಿಸಿದ. ನಾನು ಓಡಿಹೋಗಿ ಅದನ್ನು ತಬ್ಬಿ ಹಿಡಿದು ಎಳೆದದ್ದೆಲ್ಲ ಪರದೆಯ ಮೇಲೆ ಬಂದಿದೆ. ಆ ದಿನ ಪೂರ್ವದಲ್ಲಿ ಕಂಡ ಮನುಷ್ಯ ನಾನೊಬ್ಬನೇ.

ಆಮೇಲೆ ಇಲ್ಲಿಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಬರೆದೆ. ಟಿಕೆಟ್ ಉಚಿತ, ನೀರಿನ ವ್ಯವಸ್ಥೆ ಇದೆ, ದಯವಿಟ್ಟು ಬನ್ನಿ. ಹೆಬ್ಬೆರಳುಗಳ ಮಳೆಯೇ ಸುರಿಯಿತು. ಕೈ ಮುಗಿದ ಚಿತ್ರ, ಚೆಂಡಿನ ಚಿತ್ರ. ಪೂರ್ವದ ಗೇಟಿನಲ್ಲಿ ನಿಂತು ಕಾದೆ. ಯಾರೂ ಬರಲಿಲ್ಲ. ದಾರಿ ತಪ್ಪಿ ಬಂದ ಒಂದು ಕುಟುಂಬ ಪಕ್ಕದ ಈಜುಕೊಳ ಎಲ್ಲಿದೆ ಎಂದು ಕೇಳಿತು.

ಮಗಳು ಪಂದ್ಯದ ದಿನ ನನ್ನ ಗೇಟಿನಲ್ಲಿ ಸ್ಕ್ಯಾನರ್ ಹಿಡಿಯುತ್ತಾಳೆ. ಕಾಲೇಜು ಮುಗಿಸಿದ್ದಾಳೆ. ನಾವು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನದು. ಮನೆಗೆ ಹೋಗುವಾಗ ಕಾರಿನಲ್ಲಿ ಹೇಳಿದಳು: "ಅಪ್ಪಾ, ಅಮ್ಮ ನೆವರ್ ಟೆಕ್ಸ್ಟೆಡ್ ಎನಿವನ್. ಶಿ ವೆಂಟ್. ಟು ಎವ್ರಿ ಸಿಂಗಲ್ ಹೌಸ್."

"ಯಾವಾಗ?"

"ಯೂ ವರ್ ಆಲ್ವೇಸ್ ಅಟ್ ವರ್ಕ್. ನಾನೇ ಡ್ರೈವ್ ಮಾಡಿದ್ದು," ಎಂದಳು. ಅಷ್ಟು ಕನ್ನಡ ಅವಳ ಬಾಯಿಂದ ಬಂದರೆ ವಿಷಯ ಗಟ್ಟಿ ಎಂದೇ ಅರ್ಥ.

ನಮ್ಮ ಕರಾವಳಿಯ ಕಡೆ, ಮನೆಗೆ ಹೋಗಿ ಬಾಯಿಬಿಟ್ಟು ಕರೆಯುವುದಕ್ಕೆ ಹೇಳಿಕೆ ಎನ್ನುತ್ತೇವೆ. ಕಾಗದ ಹಂಚಿದರೂ ಫೋನ್ ಮಾಡಿದರೂ ಹೇಳಿಕೆ ಆಗದಿದ್ದರೆ ಜನ ಬರುವುದಿಲ್ಲ. ಬರಲಿಲ್ಲವೆಂದು ಅವರನ್ನು ದೂರುವ ಹಾಗೂ ಇಲ್ಲ. ಹೇಳಿಕೆ ಆದ ಮೇಲೆ ಬರದಿದ್ದರೆ ಮಾತ್ರ ಅದು ತಪ್ಪು. ಇಷ್ಟು ದಿನ ಜನರನ್ನು ಬೆಂಚಿಗೆ ತಂದದ್ದು ಏನು ಎಂದು ಆಗ ನನಗೆ ಗೊತ್ತಾಯಿತು.

ಲೀಗಿನವರು ಬರುವ ಪಂದ್ಯಕ್ಕೆ ಮುಂಚಿನ ವಾರ ಪೂರ್ತಿ ನಾನು ಮನೆಮನೆ ತಿರುಗಿದೆ. ಬ್ರಾಂಪ್ಟನ್, ಮಿಸಿಸಾಗಾ, ಸ್ಕಾರ್ಬರೊ. ಜೆರಾರ್ಡ್ ಬೀದಿಯ ಒಂದು ಸೀರೆ ಅಂಗಡಿಗೂ ಹೋಗಿ ಅಲ್ಲಿಯ ಯಜಮಾನರಿಗೆ ಹೇಳಿದೆ. ತಿರುಗುವುದು ನನಗೆ ಒಳ್ಳೆಯದೇ ಆಯಿತು, ಮನೆಯಲ್ಲಿ ನಿಲ್ಲುವುದಕ್ಕಿಂತ. ಮಾತು ಮಾತ್ರ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತು ಅವಳದು, ನಾನು ಪಕ್ಕದಲ್ಲಿ ನಿಂತು ತಲೆ ಅಲ್ಲಾಡಿಸುವವನು. ಬಾಗಿಲು ತೆರೆದ ಕೂಡಲೇ ಕಣ್ಣು ಕೆಳಗೆ ಹಾಕುತ್ತಿದ್ದೆ. ಒಳಗೆ ಹೋಗುತ್ತಿರಲಿಲ್ಲ. ಹೊಸ್ತಿಲಲ್ಲೇ ನಿಂತು ದಿನ, ಹೊತ್ತು, ಜಾಗ ಹೇಳಿ ಟಿಕೆಟ್ ಕೈಗೆ ಕೊಟ್ಟು ಹೊರಡುತ್ತಿದ್ದೆ.

ರೆಕ್ಸ್‌ಡೇಲಿನಲ್ಲಿ ಮಗನ ಮನೆಯ ಬೇಸ್‌ಮೆಂಟಿನಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಉಡುಪಿಯ ಕಡೆಯವರು. ನಾವೆಲ್ಲ ದೊಡ್ಡಮ್ಮ ಎಂದೇ ಕರೆಯುವುದು. ಪೂರ್ವದ ಬೆಂಚಿನಲ್ಲಿ ನನ್ನ ಹೆಂಡತಿಯ ಬಲಕ್ಕೆ ಅವರ ಜಾಗ.

"ಯಾವಾಗ ಇಟ್ಕೊಂಡದ್ದು?" ಎಂದರು ಬಾಗಿಲಲ್ಲೇ.

"ಬರುವ ಶನಿವಾರ, ಮಧ್ಯಾಹ್ನದ ಮೇಲೆ."

"ಎಲ್ಲಿ?"

"ಮೈದಾನದಲ್ಲಿ. ಪೂರ್ವದ ಕಡೆ, ಅವಳು ಕೂರ್ತಿದ್ದಲ್ಲಿ. ನೀವೆಲ್ಲ ಬರ್ಬೇಕು ದೊಡ್ಡಮ್ಮ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕಣ್ಣು ತುಂಬಿತು. "ಅಲ್ಲಿಯೇ ಇಟ್ಕೊಂಡ್ಯಾ. ಒಳ್ಳೇದಾಯ್ತು ಮಗಾ. ಅವಳಿಗೆ ಆ ಜಾಗ ಅಂದ್ರೆ ಪ್ರಾಣ. ಬಂದೇ ಬರ್ತೇವೆ."

ಪಿಕರಿಂಗ್‌ನ ಮನೆಯಲ್ಲಿ ಮೈಸೂರಿನ ಕಡೆಯ ಎಂಜಿನಿಯರ್. ಶನಿವಾರ ಎಂದಾಗ ಒಮ್ಮೆ ತಡೆದ. "ನಂಗೆ ಅವತ್ತು ಶಿಫ್ಟಿದೆ ಸಾರ್. ಪರ್ವಾಗಿಲ್ಲ, ಯಾರ ಜೊತೆನಾದ್ರೂ ಸ್ವಾಪ್ ಮಾಡ್ಕೋತೀನಿ. ಇಂಥದಕ್ಕೂ ಬರ್ದೆ ಇದ್ರೆ ಹೇಗೆ?" ಎಂದು ನನ್ನ ಕೈ ಹಿಡಿದುಕೊಂಡ. ಈ ಪಂದ್ಯ ಎಷ್ಟು ಮುಖ್ಯ ಎಂದು ಇವನಿಗೆ ಹೇಗೋ ಗೊತ್ತಾಗಿದೆ ಎಂದು ನನಗೆ ಸಮಾಧಾನವಾಯಿತು.

ಒಬ್ಬರೂ 'ನೋಡುವ' ಎನ್ನಲಿಲ್ಲ. ನಮ್ಮವರಲ್ಲಿ ನೋಡುವ ಎಂದರೆ ಬರುವುದಿಲ್ಲ ಎಂದೇ. ಇನ್ನೊಂದನ್ನೂ ಗಮನಿಸಿದೆ, ಆದರೆ ಅದರ ಮೇಲೆ ಮನಸ್ಸು ನಿಲ್ಲಲಿಲ್ಲ. ಊರ ಕಡೆಯ ಯಾವ ಮನೆಯಲ್ಲೂ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು ತಂದಿಡುತ್ತಾರೆ. ಟೊರೊಂಟೊಗೆ ಬಂದ ಮೇಲೂ ಆ ಕ್ರಮ ಬಿಟ್ಟಿಲ್ಲ. ಆ ವಾರ ನನಗೆ ಯಾರೂ ಬೆಲ್ಲ ತರಲಿಲ್ಲ. ನಿಂತ ಕಾಲಲ್ಲೇ ಹೊರಡುವವನಿಗೆ ಎಲ್ಲಿಂದ ತರುತ್ತಾರೆ ಎಂದುಕೊಂಡೆ.

ಶನಿವಾರ ಪೂರ್ವದ ಗೇಟನ್ನು ಮೊದಲು ತೆರೆಸಿದೆ. ಎರಡು ಕಡೆ ನೀರಿನ ಡ್ರಮ್ ಇಟ್ಟೆವು. ಬೆಂಚುಗಳ ಮೇಲೆ ಬೆಳಿಗ್ಗೆಯೇ ನೀರು ಹೊಡೆದು ತಣಿಸಿದೆವು. ಹಂಚಲು ಟೊಪ್ಪಿಗಳ ಪೆಟ್ಟಿಗೆ ತಂದಿಟ್ಟೆ. ನಮ್ಮವರು ಎಂದೂ ಹೇಳಿದ ಹೊತ್ತಿಗೆ ಬರುವವರಲ್ಲ, ಮೊದಲ ಅರ್ಧ ಮುಗಿಯುವಾಗ ಬಂದರೆ ಪುಣ್ಯ. ಆ ದಿನ ಗೇಟು ತೆರೆಯುವ ಮೊದಲೇ ಸಾಲು ನಿಂತಿತ್ತು. ಮಕ್ಕಳಿಗೆ ಸದ್ದು ಮಾಡದಂತೆ ಗದರುತ್ತಿದ್ದರು. ನನ್ನನ್ನು ಕಂಡು ಗಂಡಸರು ಭುಜ ಮುಟ್ಟಿ ಮುಂದೆ ಹೋದರು. ಬಿಳಿ, ತಿಳಿ ಹಳದಿ, ಬೂದು ಬಣ್ಣದ ಹತ್ತಿಯ ಬಟ್ಟೆಗಳು. ಬಿಸಿಲಿಗೆ ಸರಿಯಾಗಿಯೇ ಹಾಕಿಕೊಂಡು ಬಂದಿದ್ದಾರೆ ಎಂದುಕೊಂಡೆ. ಟೊಪ್ಪಿ ಕೊಟ್ಟರೆ ಯಾರೂ ತೆಗೆದುಕೊಳ್ಳಲಿಲ್ಲ.

ಪೂರ್ವದ ಸ್ಟ್ಯಾಂಡು ತುಂಬುತ್ತಾ ಬಂತು. ಮಗಳನ್ನು ಗೇಟಿನಲ್ಲಿ ಬಿಟ್ಟು ಪಶ್ಚಿಮಕ್ಕೆ ಹೋದೆ. ಅಲ್ಲಿ ಮ್ಯಾನೇಜರ್ ಪಕ್ಕದಲ್ಲಿ ಲೀಗಿನಿಂದ ಬಂದವರು ಕೂತಿದ್ದರು. ಮಧ್ಯವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಮುಂದೆ ಸಣ್ಣ ಪರದೆ. ಪರದೆಯ ಮೇಲೆ ನಮ್ಮ ಆಟಗಾರರು, ಅವರ ಹಿಂದೆ ಸಾಲು ಸಾಲು ಜನ. ಮ್ಯಾನೇಜರ್ ನನ್ನ ತೋಳು ಹಿಂಡಿದರು.

ಆಟ ಶುರುವಾಯಿತು. ನಮ್ಮವ ಒಬ್ಬ ಬಲಗಡೆಯ ಗೆರೆಯ ಬದಿಯಲ್ಲಿ ಓಡಿ ಅಂಕ ಗಳಿಸಿದ. ಪಶ್ಚಿಮದವರು ಎದ್ದು ಕೂಗಿದರು. ಪೂರ್ವದಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಎದುರಿನವರ ಕೈಗೆ ಚೆಂಡು ಹೋಯಿತು, ಎಣಿಸುವವರಿಲ್ಲ. ಕೈ ಮಡಚಿಕೊಂಡು, ತಲೆ ಸ್ವಲ್ಪ ತಗ್ಗಿಸಿಕೊಂಡು ಅಷ್ಟೂ ಜನ ಕೂತಿದ್ದರು.

"ಬಹಳ ಮರ್ಯಾದಸ್ಥ ಅಭಿಮಾನಿಗಳು," ಎಂದರು ಲೀಗಿನವರು.

ಅಷ್ಟರಲ್ಲಿ ನನ್ನ ಸೊಂಟದ ವಾಕಿ-ಟಾಕಿ ಕರಕರ ಎಂದಿತು. ಮಗಳು. "ಅಪ್ಪಾ, ಆನ್ ಆಂಟಿ ಈಸ್ ಹಿಯರ್ ವಿತ್ ಎ ಗಾರ್ಲೆಂಡ್. ಶಿ'ಸ್ ಆಸ್ಕಿಂಗ್ ವೇರ್ ಅಮ್ಮಾಸ್ ಫೋಟೊ ಈಸ್."

ಏನು ಎಂದು ಮತ್ತೆ ಕೇಳಿದೆ. ಅದನ್ನೇ ಮತ್ತೆ ಹೇಳಿದಳು. "ದೇ ಆಲ್ ಥಿಂಕ್ ಇಟ್ಸ್ ಅಮ್ಮಾಸ್ ವರ್ಷಾಂತಿಕ, ಅಪ್ಪಾ. ಆಲ್ ಆಫ್ ದೆಮ್."

ಸತ್ತು ವರ್ಷ ತುಂಬುವಾಗ ಮಾಡುವ ಕಾರ್ಯಕ್ಕೆ ನಾನು ಕರೆದೆ ಎಂದುಕೊಂಡು ಇವರೆಲ್ಲ ಬಂದಿದ್ದಾರೆ. ಇಲ್ಲಿಯವರ ಹಾಗೆ, ಅವಳಿಗೆ ಇಷ್ಟವಾದ ಜಾಗದಲ್ಲಿ ನೆನಪಿನ ಸಭೆಯನ್ನೂ ಇಟ್ಟಿದ್ದೇನೆ, ಆಟ ಮುಗಿದ ಮೇಲೋ ನಡುವೆಯೋ ಅದು ನಡೆಯುತ್ತದೆ ಎಂದು ಕಾಯುತ್ತಿದ್ದಾರೆ. ಹೊಸ್ತಿಲಲ್ಲಿ ನಿಂತು ನಾನು ಹೇಳಿದ ಒಂದೊಂದು ಮಾತೂ ನೆನಪಾಯಿತು. ಆಟ ಎಂಬ ಶಬ್ದವನ್ನು ನಾನು ಒಂದು ಮನೆಯಲ್ಲಾದರೂ ಹೇಳಿದ್ದೆನೇ? ಟಿಕೆಟಿನ ಮೇಲೆ ಬರೆದಿತ್ತು. ಅಷ್ಟು ಸಾಕು ಎಂದುಕೊಂಡಿದ್ದೆ.

ಮ್ಯಾನೇಜರನ್ನು ಬದಿಗೆ ಕರೆದು ವಿಷಯ ತಿಳಿಸಿದೆ. ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಮೆಲ್ಲಗೆ ಹೇಳಿದರು: "ನಿನಗೆ ಕಷ್ಟ ಆಗುತ್ತದೆ ಎಂದು ನನಗೆ ಗೊತ್ತು. ಆದರೆ ಸ್ಟ್ಯಾಂಡು ತುಂಬಿದೆ. ಪಂದ್ಯ ಮುಗಿದ ಮೇಲೆ ಹೇಳು. ಈಗ ಏನೂ ಮುಟ್ಟಬೇಡ."

ಆಕೆ ಹೇಳಿದ್ದು ತಪ್ಪಲ್ಲ. ಅವರೆಲ್ಲ ಹಾಗೆಯೇ ಕೂತಿದ್ದರೆ ಕ್ಯಾಮೆರಾಕ್ಕೆ ಸಾಕು. ಸತ್ಯ ಹೇಳಿದರೆ ಎದ್ದು ಹೋಗಬಹುದು. ದ್ವಿತೀಯಾರ್ಧದಲ್ಲಿ ಲೀಗಿನವರ ಪರದೆಯ ಮೇಲೆ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತಾ ಹೋಗುವುದು ಕಾಣುತ್ತದೆ. ಮೈದಾನ ಹೋಗುತ್ತದೆ.

ಅರ್ಧ ಆಟದ ಸೀಟಿ ಬಿತ್ತು. ನಾನು ಉತ್ತರದ ಗೋಲಿನ ಕಂಬಗಳ ಹಿಂದಿನಿಂದ ನಡೆಯತೊಡಗಿದೆ. ಅರ್ಧ ದಾರಿಗೆ ಹೋಗಿ ವಾಪಸು ತಿರುಗಿದೆ. ಮತ್ತೆ ಹೋದೆ. ಅಲ್ಲಿಂದ ಪೂರ್ವದ ಸ್ಟ್ಯಾಂಡು ಪೂರ್ತಿ ಕಾಣುತ್ತಿತ್ತು. ದೊಡ್ಡಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಅವರ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಬೆಂಚು ತುಂಬಿ ಜನ ಮೆಟ್ಟಿಲಲ್ಲಿ ಕೂತಿದ್ದರೂ ಆ ಜಾಗಕ್ಕೆ ಯಾರೂ ಹೋಗಿರಲಿಲ್ಲ. ಅದನ್ನು ಕಂಡ ಮೇಲೆ ಮತ್ತೆ ಹಿಂದೆ ತಿರುಗಲಿಲ್ಲ. ಇವರು ಬಂದದ್ದು ಅವಳಿಗಾಗಿ. ಅವರ ಆ ದುಃಖವನ್ನು ಬೆಂಚು ತುಂಬಿಸಲು ಬಳಸಿಕೊಳ್ಳುವುದು ನನ್ನಿಂದ ಆಗಲಿಲ್ಲ.

ಮೈಕು ಇರಲಿಲ್ಲ. ಬೆಂಚುಗಳ ಮುಂದಿನ ಕಂಬಿಯ ಹತ್ತಿರ ನಿಂತು ಮಾತಾಡಿದೆ. ಮೊದಲ ಎರಡು ಸಾಲಿಗಷ್ಟೇ ಕೇಳಿಸಿತು. "ಎಂತದು? ಕೇಳುದಿಲ್ಲ!" ಎಂದು ಮೇಲಿನಿಂದ ಯಾರೋ ಕೂಗಿದರು. ಮೆಟ್ಟಿಲು ಹತ್ತಿ ನಡುವಿನಲ್ಲಿ ನಿಂತೆ. ಜೀವಮಾನದಲ್ಲಿ ಅಷ್ಟು ಜೋರಾಗಿ ಮಾತಾಡಿದವನಲ್ಲ.

"ಇದು ಅವಳ ವರ್ಷಾಂತಿಕ ಅಲ್ಲ. ಅದಕ್ಕೆ ಇನ್ನೂ ದಿನ ಉಂಟು, ಬೇರೆ ಹೇಳಿಕೆ ಮಾಡ್ತೇನೆ. ಇದು ಬರೀ ಆಟ. ನೀವು ಬಾರದಿದ್ರೆ ಈ ಮೈದಾನ ಹೋಗ್ತದೆ, ಅದಕ್ಕೆ ಕರ್ದೆ. ನಾನು ಸರಿ ಹೇಳ್ಲಿಲ್ಲ. ಹೋಗುವವರು ಹೋಗಬಹುದು. ಇರುವವರು ದಯವಿಟ್ಟು ಕೂಗಿ."

ಹಾರ ತಂದಿದ್ದ ಹೆಂಗಸು ಅದನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು.

ದೊಡ್ಡಮ್ಮ ಎದ್ದು ನಿಂತರು. "ಅಲ್ಲ ಮಾರಾಯ! ಆಟಿ ತಿಂಗಳಲ್ಲಿ, ವರ್ಷ ತುಂಬುವ ಹೊತ್ತಿಗೆ, ಹೊಸ್ತಿಲಲ್ಲಿ ನಿಂತು, ಕಣ್ಣು ಕೆಳಗೆ ಹಾಕಿ, ಅವಳು ಕೂತಲ್ಲಿ ಅಂತ ಹೇಳಿದ್ರೆ ನಾವು ಎಂತ ಗ್ರಹಿಸ್ಬೇಕು? ನಾನು ಬೆಳಿಗ್ಗೆಯಿಂದ ಉಪವಾಸ!"

ಆಟಿ ನಮ್ಮ ಕಡೆ ಶುಭಕಾರ್ಯಕ್ಕೆ ಯಾರೂ ಕರೆಯದ ತಿಂಗಳು. ಅದನ್ನೂ ನಾನು ಮರೆತಿದ್ದೆ. ಸಾವಿನ ಕಾರ್ಯದ ಹೇಳಿಕೆಗೆ ಬಂದವನಿಗೆ ಬೆಲ್ಲ ಕೊಡುವುದಿಲ್ಲ ಎಂಬುದನ್ನೂ.

ಯಾರೋ ಫಕ್ಕನೆ ನಕ್ಕರು. ಕೆಲವರಿಗೆ ನಗು ಬರಲಿಲ್ಲ. ಪಿಕರಿಂಗ್‌ನ ಎಂಜಿನಿಯರ್ ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ನನ್ನ ಮುಂದೆಯೇ ಇಳಿದ. "ಶಿಫ್ಟ್ ಸ್ವಾಪ್ ಮಾಡ್ಕೊಂಡು ಬಂದಿದೀನಿ ಸಾರ್. ಮ್ಯಾಚ್ ಅಂತ ಒಂದ್ ಮಾತು ಹೇಳಿದ್ರೆ ಆಗ್ತಿತ್ತು," ಎಂದ. ಕ್ಷಮಿಸಿ ಎಂದೆ. ಅವನ ಹಿಂದೆ ಇನ್ನೂ ಕೆಲವು ಕುಟುಂಬಗಳು ಹೋದವು. ಬೆಂಚುಗಳಲ್ಲಿ ಅಲ್ಲಲ್ಲಿ ಅಲ್ಯೂಮಿನಿಯಂ ಹೊಳೆಯಿತು. ಪಶ್ಚಿಮದ ಕಡೆ ನಾನು ನೋಡಲಿಲ್ಲ.

ದ್ವಿತೀಯಾರ್ಧ ಶುರುವಾಯಿತು. ದೊಡ್ಡಮ್ಮ ನನ್ನ ಮಗಳನ್ನು ಕಳಿಸಿ ಆಲೂಗಡ್ಡೆ ಫ್ರೈ ತರಿಸಿಕೊಂಡು ತಿನ್ನುತ್ತಿದ್ದರು. ಉಳಿದವರಿಗೆ ನಗಬೇಕೋ ಸುಮ್ಮನಿರಬೇಕೋ ತಿಳಿಯದ ಹಾಗಿತ್ತು. ಸಾವಿನ ಮನೆ ಎಂದುಕೊಂಡು ಕೂತವರು ಒಂದೇ ಸಲಕ್ಕೆ ಹೇಗೆ ಕೂಗುತ್ತಾರೆ? ನಾನು ಗೇಟಿನಿಂದ ನೀರಿನ ಡ್ರಮ್ಮಿಗೆ, ಡ್ರಮ್ಮಿನಿಂದ ಗೇಟಿಗೆ ನಡೆಯುತ್ತಿದ್ದೆ.

ಎದುರಿನ ತಂಡ ಚೆಂಡು ಹಿಡಿದು ನಮ್ಮ ಗೆರೆಯ ಹತ್ತಿರ ಬಂತು. ಪೂರ್ವದ ಸ್ಟ್ಯಾಂಡಿನ ಎದುರಿಗೇ. ನಮ್ಮವರು ಒಬ್ಬನನ್ನು ಕೆಡವಿದರು.

"ಒಂಜಿ," ಎಂದರು ದೊಡ್ಡಮ್ಮ. ಬಾಯಲ್ಲಿ ಫ್ರೈ ಇತ್ತು.

ಇನ್ನೊಬ್ಬ ಬಿದ್ದ. "ರಡ್ಡ್." ಈ ಸಲ ಅವರ ಹಿಂದಿನ ಸಾಲಿನ ಇಬ್ಬರು ಸೇರಿಕೊಂಡರು.

"ಮೂಜಿ." ಒಂದು ಸಾಲು.

ನಾಲ್ಕನೆಯದಕ್ಕೆ ಮಕ್ಕಳು ಬೆಂಚಿನ ಮೇಲೆ ನಿಂತು ಕಾಲಿನಿಂದ ಬಡಿದರು, ಅಲ್ಯೂಮಿನಿಯಂ ಗುಡುಗಿತು. ಐನ್ ಎಂದಾಗ ನಮ್ಮ ತಂಡದಲ್ಲಿ ಪೈಪು ಜೋಡಿಸುವವನು ಕೆಳಗೆ ಬಿದ್ದಲ್ಲಿಂದಲೇ ತಲೆ ಎತ್ತಿ ನಮ್ಮ ಕಡೆ ನೋಡಿದ. ಅವನಿಗೆ ಆ ಎಣಿಕೆ ಗೊತ್ತಿತ್ತು. ಒಂದು ವರ್ಷದಿಂದ ಕೇಳಿರಲಿಲ್ಲ. ಮುಂದಿನ ಓಟಗಾರನನ್ನು ಗೆರೆಯಿಂದ ಒಂದು ಗೇಣು ಈಚೆಗೆ ಅವನೇ ತಬ್ಬಿ ಕೆಡವಿದ.

"ಆಜಿ!"

ಅಷ್ಟು ದೊಡ್ಡ ಸದ್ದು ನನ್ನ ಬೆನ್ನಿಗೆ ತಾಗಿದ ಹಾಗಾಯಿತು. ತಿರುಗಿ ನೋಡಿದರೆ ಎಲ್ಲರೂ ನಿಂತಿದ್ದರು. ಬಿಳಿ ಸೀರೆಯ ಹೆಂಗಸರು, ಮಕ್ಕಳು, ಸೀರೆ ಅಂಗಡಿಯ ಯಜಮಾನರು. ಮಗಳು ಸ್ಕ್ಯಾನರ್ ಹಿಡಿದ ಕೈಯನ್ನೇ ಮೇಲೆತ್ತಿ ಅಳುತ್ತಾ ಕಿರುಚುತ್ತಿದ್ದಳು.

ಆ ಪಂದ್ಯ ನಾವು ಸೋತೆವು. ಮುಗಿದ ಮೇಲೆ ಲೀಗಿನವರು ಪೂರ್ವದ ಗೇಟಿಗೆ ನಡೆದುಕೊಂಡು ಬಂದರು. ಮ್ಯಾನೇಜರ್ ಎಲ್ಲ ಹೇಳಿದ್ದರು ಎಂದು ಕಾಣುತ್ತದೆ.

"ಇವತ್ತು ಇವರು ಬಂದ ಕಾರಣ ನನಗೆ ತಿಳಿಯಿತು. ಇದು ಲೆಕ್ಕಕ್ಕೆ ಬರುವುದಿಲ್ಲ," ಎಂದರು. "ಮುಂದಿನ ಪಂದ್ಯವನ್ನು ನನ್ನ ಮನೆಯಿಂದ ನೋಡುತ್ತೇನೆ. ಆಗ ಇವರು ಬರುತ್ತಾರಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಸಾವಿನ ಮನೆಯಿಂದ ಹೊರಡುವವರು ನಮ್ಮಲ್ಲಿ ಹೇಳಿ ಹೋಗುವುದಿಲ್ಲ. ಬರ್ತೇನೆ ಎನ್ನಬಾರದು. ಎದ್ದು ಸುಮ್ಮನೆ ನಡೆಯಬೇಕು. ಗೇಟಿನ ಪಕ್ಕ ನಿಂತು ನಾನು ಅದನ್ನೇ ನೋಡುತ್ತಿದ್ದೆ. ಮೊದಲು ಬಂದವರು ಮುಖ ತಗ್ಗಿಸಿ ದಾಟಿದರು. ಅವರ ಹಿಂದಿನವರೂ. ಹಾರ ತಂದಿದ್ದವರು ಮಗಳ ಗಲ್ಲ ಸವರಿ ಹೋದರು, ಮಾತಿಲ್ಲ. ಅಭ್ಯಾಸದಿಂದಲೋ, ನನ್ನ ಮೇಲಿನ ಸಿಟ್ಟಿನಿಂದಲೋ, ಯಾರು ಹೇಳಬೇಕು.

ದೊಡ್ಡಮ್ಮ ಮೆಟ್ಟಿಲು ಇಳಿದು ಬರಲು ಬಹಳ ಹೊತ್ತು ಹಿಡಿಯಿತು. ಅವರೂ ನನ್ನನ್ನು ದಾಟಿ ಹೋದರು. ಕಾರಿನ ಹತ್ತಿರದವರೆಗೆ ಹೋಗಿ ನಿಂತರು. ಮಗನಿಗೆ ಏನೋ ಹೇಳಿ, ಅವನ ಕೈ ಬಿಡಿಸಿಕೊಂಡು, ಒಬ್ಬರೇ ವಾಪಸು ಗೇಟಿಗೆ ಬಂದರು.

"ಬರ್ತೇವೆ ಆಯ್ತಾ," ಎಂದರು. "ಮುಂದಿನದು ಯಾವಾಗ?"

"ಆಟಿ ಕಳೆದ ಮೇಲೆ, ದೊಡ್ಡಮ್ಮ."

"ಹಾಗಾದ್ರೆ ಮನೆಗೆ ಬಂದು ಹೇಳು. ಇಲ್ಲಿ ಹೇಳಿದ್ದು ಆಗುದಿಲ್ಲ."

ಮೈದಾನ ಇನ್ನೊಂದು ವರ್ಷಕ್ಕೆ ಉಳಿಯಿತು. ಅದು ಆಮೇಲಿನ ವಿಷಯವಾದರೂ ಇಲ್ಲಿಯೇ ಹೇಳಿಬಿಡುತ್ತೇನೆ. ಪೂರ್ವ ಪೂರ್ತಿ ತುಂಬಲಿಲ್ಲ, ಅರ್ಧದಷ್ಟು ತುಂಬಿತು. ಆ ಅರ್ಧದಲ್ಲಿ ಪಿಕರಿಂಗ್‌ನವನೂ ಇದ್ದ. ಅವನ ಮನೆಗೆ ಎರಡು ಸಲ ಹೋಗಬೇಕಾಯಿತು.

ಆಟಿ ಮುಗಿದ ವಾರ ನಾನು ಮೊದಲು ಹೋದದ್ದು ರೆಕ್ಸ್‌ಡೇಲಿಗೆ. ನನ್ನಲ್ಲಿ ಎರಡು ಹೇಳಿಕೆ ಇತ್ತು, ಪಂದ್ಯದ್ದು ಮತ್ತು ಅವಳ ವರ್ಷಾಂತಿಕದ್ದು. ದೊಡ್ಡಮ್ಮ ಬೇಸ್‌ಮೆಂಟಿನ ಬಾಗಿಲು ಅರ್ಧ ತೆರೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾವುದಕ್ಕೆ ಬಂದದ್ದು ಅಂತ ಮೊದ್ಲು ಸರಿಯಾಗಿ ಹೇಳು. ಆಮೇಲೆ ಒಳಗೆ ಬಾ."

"ಇವತ್ತು ಆಟಕ್ಕೆ ಮಾತ್ರ," ಎಂದೆ. "ಇನ್ನೊಂದಕ್ಕೆ ಬೇರೆ ದಿನ ಬರ್ತೇನೆ."

"ಹಾಂ. ಹಾಗಾದ್ರೆ ಕೂತ್ಕೋ."

ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಲೋಟ ನೀರು ತಂದರು. ಕಿಟಕಿಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಇತ್ತು. ನಾನು ಕೂತೆ.